ಚುಂದನ ಮನೆಯ ಊಟ, ನಮ್ಮ ಮನೆಯ ಒಲೆ



ತ್ರಿಸರಣ ಹೇಳಿದ ಮೇಲೆ ನಾವು ಪಂಚಶೀಲ ಹೇಳುತ್ತೇವೆ. ಪ್ರಾಣಹಾನಿ ಮಾಡುವುದಿಲ್ಲ ಎಂಬುದು ಮೊದಲನೆಯ ಶೀಲ. ಅದನ್ನು ಹೇಳುವಾಗ ನಮ್ಮಲ್ಲಿ ಬಹಳ ಜನರಿಗೆ ಒಳಗೊಳಗೇ ಒಂದು ಸಮಾಧಾನ ಇರುತ್ತದೆ. ಸುಳ್ಳು ಬಿಡುವುದು ಕಷ್ಟ, ಕುಡಿತ ಬಿಡುವುದು ಕೆಲವರಿಗೆ ಇನ್ನೂ ಕಷ್ಟ. ಆದರೆ ನಾವೇನು ಯಾರನ್ನಾದರೂ ಕೊಲ್ಲಲು ಹೋಗುತ್ತೇವೆಯೇ? ಈ ಒಂದು ಶೀಲವಾದರೂ ಸಲೀಸು ಅನ್ನಿಸುತ್ತದೆ. ಇಂದಿನ ಚಿಂತನೆ ಆ ಸಮಾಧಾನದ ಬಗ್ಗೆಯೇ. ಕೊಲ್ಲುವ ಮನಸ್ಸಿಲ್ಲ, ಕೇಡು ಬಯಸಿಲ್ಲ. ಬರೀ ಅಜಾಗ್ರತೆಯಿಂದ ನಮ್ಮದೇ ಮನೆಯವರ ಜೀವಕ್ಕೆ ಕುತ್ತು ಬಂದರೆ ಆ ಶೀಲ ಉಳಿಯಿತೇ, ಮುರಿಯಿತೇ?

ಮನೆಯಲ್ಲಿ ಏನಾದರೂ ಆದಾಗ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. ಮಗುವಿಗೆ ವಾಂತಿಭೇದಿ ಶುರುವಾಯಿತು ಎಂದುಕೊಳ್ಳಿ. ಮೊದಲ ಮಾತು, "ಏನು ಹಾಕಿ ಅಡುಗೆ ಮಾಡಿದ್ದೆ?" ಇದು ಅಡುಗೆ ಮಾಡಿದ ಹೆಂಗಸಿಗೆ. ಎರಡನೆಯ ಮಾತು, "ಹಣೆಬರಹ, ಏನು ಮಾಡೋಕಾಗುತ್ತೆ?" ಇದು ಎಲ್ಲರಿಗೂ. ಮೊದಲನೆಯದು ಇಡೀ ಹೊರೆಯನ್ನು ಒಬ್ಬಳ ತಲೆಗೆ ಕಟ್ಟುತ್ತದೆ. ಎರಡನೆಯದು ಯಾರ ತಲೆಗೂ ಏನನ್ನೂ ಕಟ್ಟುವುದಿಲ್ಲ. ನಾಳೆ ಹೀಗಾಗದಂತೆ ಏನು ಮಾಡಬೇಕು ಎಂಬುದು ಎರಡರಲ್ಲೂ ಇಲ್ಲ.

ಧಮ್ಮದಲ್ಲಿ ಮೂರನೆಯ ಒಂದು ದಾರಿ ಇದೆ. ಅದನ್ನು ಹುಡುಕಲು ಒಂದು ಊಟದ ಕಥೆಗೆ ಹೋಗೋಣ.

ಭಗವಾನ್ ಬುದ್ಧರ ಕೊನೆಯ ದಿನಗಳನ್ನು ಹೇಳುವ ಮಹಾಪರಿನಿಬ್ಬಾಣ ಸುತ್ತ ದೀಘನಿಕಾಯದಲ್ಲಿದೆ. ಆಗ ಅವರಿಗೆ 80 ವರ್ಷ. ಪಾವಾ ಎಂಬ ಊರಿನಲ್ಲಿ ಚುಂದ ಎಂಬ ಕಮ್ಮಾರ ಅವರನ್ನೂ ಭಿಕ್ಖುಗಳನ್ನೂ ಊಟಕ್ಕೆ ಕರೆದ. ಪಾಳಿಯಲ್ಲಿಯೂ ಅವನು ಕಮ್ಮಾರನೇ, ಕನ್ನಡದಲ್ಲಿಯೂ ಕಮ್ಮಾರನೇ. ಬೆಂಕಿಯ ಮುಂದೆ ಲೋಹ ಬಡಿದು ಬದುಕುವ ದುಡಿಮೆಗಾರ. ಅವನು ಪ್ರೀತಿಯಿಂದ ಮಾಡಿಸಿದ ಅಡುಗೆಗಳಲ್ಲಿ ಸೂಕರಮದ್ದವ ಎಂಬುದೊಂದಿತ್ತು. ಅದು ಹಂದಿಮಾಂಸವೋ, ಅಣಬೆಯಂಥದ್ದೋ ಎಂದು ಪಂಡಿತರು ಇವತ್ತಿಗೂ ಚರ್ಚಿಸುತ್ತಾರೆ. ನಮಗೆ ಮುಖ್ಯವಾದದ್ದು ಆ ಚರ್ಚೆಯಲ್ಲ. ಆ ದಿನ ಬುದ್ಧರು ಮಾಡಿದ ಎರಡು ಕೆಲಸಗಳು ಮುಖ್ಯ.

ಒಂದು: ಆ ಪದಾರ್ಥವನ್ನು ತನಗೆ ಮಾತ್ರ ಬಡಿಸು, ಭಿಕ್ಖುಗಳಿಗೆ ಬೇರೆಯದನ್ನು ಬಡಿಸು, ಉಳಿದದ್ದನ್ನು ಗುಂಡಿ ತೋಡಿ ಹೂತುಬಿಡು ಎಂದು ಅವರು ಚುಂದನಿಗೆ ಹೇಳಿದರು. ಚುಂದ ಹಾಗೆಯೇ ಮಾಡಿದ.

ಎರಡು: ಊಟದ ನಂತರ ಅವರಿಗೆ ರಕ್ತಭೇದಿಯಾಯಿತು. ಆ ನೋವಿನಲ್ಲಿಯೇ ಕುಸಿನಾರದ ಕಡೆ ನಡೆಯುತ್ತಿದ್ದಾಗ ಆನಂದನಿಗೆ ಒಂದು ಮಾತು ಹೇಳಿದರು. ನಿನ್ನ ಅನ್ನ ಉಂಡು ತಥಾಗತರು ಹೋದರು ಎಂದು ಯಾರಾದರೂ ಚುಂದನನ್ನು ನೋಯಿಸಬಹುದು, ಅವನಿಗೂ ಪಶ್ಚಾತ್ತಾಪ ಕಾಡಬಹುದು. ಅದನ್ನು ನೀನು ಹೋಗಲಾಡಿಸಬೇಕು. ಸಂಬೋಧಿಗೆ ಮುಂಚೆ ಉಂಡ ಊಟ ಎಷ್ಟು ದೊಡ್ಡದೋ ಚುಂದನ ಊಟವೂ ಅಷ್ಟೇ ದೊಡ್ಡದು ಎಂಬುದು ಅವರ ಮಾತಿನ ಸಾರ.

ಈ ಎರಡೂ ಕೆಲಸಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಬುದ್ಧರು ಚುಂದನ ಮೇಲೆ ತಪ್ಪು ಹೊರಿಸಲಿಲ್ಲ. ಕಮ್ಮ ಎಂದರೆ ಚೇತನಾ, ಅಂದರೆ ಉದ್ದೇಶ ಎಂದು ಕಲಿಸಿದವರು ಅವರು. ಚುಂದನ ಉದ್ದೇಶ ಶುದ್ಧವಾಗಿತ್ತು. ಹಾಗೆಂದು ಮಿಕ್ಕ ಪದಾರ್ಥ ಅಲ್ಲೇ ಇರಲಿ ಎಂದು ಬಿಟ್ಟರೇ? ಇಲ್ಲ. ಗುಂಡಿ ತೋಡಿಸಿದರು. ಹಣೆಬರಹ ಎನ್ನುವವನು ಗುಂಡಿ ತೋಡುವುದಿಲ್ಲ. ಬೈಯುವವನೂ ತೋಡುವುದಿಲ್ಲ, ಅವನಿಗೆ ಬೈಯುವುದರಲ್ಲೇ ಕೆಲಸ ಮುಗಿದಿರುತ್ತದೆ. ಮನುಷ್ಯನಿಗೆ ಕರುಣೆ, ಅಪಾಯಕ್ಕೆ ಗುಂಡಿ. ಧಮ್ಮದ ಮೂರನೆಯ ದಾರಿ ಇದು.

ಇದಕ್ಕೆ ಪಾಳಿಯಲ್ಲಿ ಅಪ್ಪಮಾದ ಎಂಬ ಹೆಸರಿದೆ. ಅದೇ ಸುತ್ತದ ಪ್ರಕಾರ ಬುದ್ಧರ ಕೊನೆಯ ಮಾತಿನಲ್ಲಿ ಇರುವ ಪದವೂ ಇದೇ. ನಾವು ಕನ್ನಡದಲ್ಲಿ "ಪ್ರಮಾದವಶಾತ್ ಹೀಗಾಯಿತು" ಎಂದು ಅರ್ಜಿಗಳಲ್ಲಿ ಬರೆಯುತ್ತೇವೆ. ಪ್ರಮಾದ ಎಂದರೆ ಮೈಮರೆವು. ಅದಿಲ್ಲದಿರುವುದು ಅಪ್ಪಮಾದ, ಎಚ್ಚರ. ಗೊತ್ತಿಲ್ಲದೆ ಆದದ್ದಕ್ಕೆ ಪಾಪವಿಲ್ಲ ಎಂಬುದು ನಿಜ. ಆದರೆ ಗೊತ್ತಾದ ಕ್ಷಣದಿಂದ ಹೊಣೆ ಶುರುವಾಗುತ್ತದೆ. ತಿಳಿದ ಮೇಲೂ "ಏನೂ ಆಗಲ್ಲ ಬಿಡು" ಎಂದು ಸುಮ್ಮನಿರುವುದು ಆಯ್ಕೆ. ಆಯ್ಕೆಯಲ್ಲಿ ಚೇತನಾ ಇದ್ದೇ ಇದೆ.

ಇದು ಬರೀ ತತ್ವದ ಮಾತಲ್ಲ. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಗ್ರಾಮದ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಸೇರಿತ್ತು. ಎಣ್ಣೆ ಸರಿಯಿಲ್ಲ ಎಂದು ಅಡುಗೆಯವರು ಮೊದಲೇ ಹೇಳಿದ್ದರೆಂದು ಆಗ ಪತ್ರಿಕೆಗಳಲ್ಲಿ ಬಂತು. ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಮುಂಚೆ ಶಿಕ್ಷಕರು ರುಚಿ ನೋಡಬೇಕೆಂಬ ನಿಯಮ ಇದೆ. ನಾವು ಶಿಕ್ಷಕರು ಅದನ್ನು ಒಂದು ಪುಸ್ತಕದಲ್ಲಿ ಸಹಿ ಹಾಕುವ ಕೆಲಸ ಎಂದುಕೊಂಡರೆ ಅದು ಸಹಿಯಷ್ಟೇ. ಅದು ಮೊದಲನೆಯ ಶೀಲದ ಆಚರಣೆ ಎಂದು ತಿಳಿದರೆ ಆ ಒಂದು ತುತ್ತಿನ ತೂಕವೇ ಬೇರೆ.

ನಮ್ಮ ಜನರಲ್ಲಿ ಬಹಳಷ್ಟು ಮಂದಿ ಹೊಲಗಳಲ್ಲಿ ಕೂಲಿ ಮಾಡುವವರು. ಔಷಧಿ ಹೊಡೆದ ಖಾಲಿ ಡಬ್ಬಿ ಗಟ್ಟಿಯಾಗಿರುತ್ತದೆ, ಚೆನ್ನಾಗಿ ಕಾಣುತ್ತದೆ, ತೊಳೆದು ನೀರಿಗೋ ಎಣ್ಣೆಗೋ ಇಟ್ಟುಕೊಳ್ಳೋಣ ಅನ್ನಿಸುತ್ತದೆ. ಎಷ್ಟು ತೊಳೆದರೂ ಅದು ಊಟಕ್ಕೆ ತಕ್ಕ ಡಬ್ಬಿಯಲ್ಲ. ಹಾಗೆಯೇ ಫಿನೈಲ್, ಆಸಿಡ್, ಸೀಮೆಎಣ್ಣೆಯನ್ನು ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಡುವ ರೂಢಿ. ಓದು ಬಾರದ ಮೂರು ವರ್ಷದ ಕೂಸು ಚೀಟಿ ಓದುವುದಿಲ್ಲ, ಬಾಟಲಿಯ ಆಕಾರ ನೋಡುತ್ತದೆ. ಇವೆಲ್ಲ ನಮ್ಮ ಮನೆಗಳಲ್ಲಿ ಇನ್ನೂ ತೋಡದೆ ಉಳಿದ ಗುಂಡಿಗಳು.

ಅನ್ನದ ವಿಷಯ ನೋಡಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಣಗಳು ಇರುತ್ತವೆ. ಕುದಿಸಿದರೂ ಅವುಗಳಲ್ಲಿ ಕೆಲವು ಸಾಯುವುದಿಲ್ಲ. ಅನ್ನವನ್ನು ಬೆಚ್ಚಗಿನ ಅಡುಗೆಮನೆಯಲ್ಲಿ ಗಂಟೆಗಟ್ಟಲೆ ಬಿಟ್ಟರೆ ಅವು ಬೆಳೆದು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ಫ್ರಿಜ್ ಇದ್ದವರು ಎರಡು ಗಂಟೆಯೊಳಗೆ ಒಳಗಿಡಬೇಕು, ಇಲ್ಲದವರು ಆ ಹೊತ್ತಿಗೆ ಬೇಕಾದಷ್ಟೇ ಮಾಡಬೇಕು. ಹಸಿವನ್ನು ಕಂಡ ಮನೆತನಗಳಿಂದ ಬಂದ ನಮಗೆ ಅನ್ನ ಚೆಲ್ಲುವುದು ಎಂದರೆ ಕೈ ನಡುಗುತ್ತದೆ. ಆ ನಡುಕ ಗೌರವಕ್ಕೆ ತಕ್ಕದ್ದು. ಅದಕ್ಕೇ ಹೆಚ್ಚು ಮಾಡಿ ಉಳಿಸುವ ಬದಲು ಅಳತೆ ನೋಡಿ ಮಾಡುವುದು ಲೇಸು.

ಗ್ಯಾಸಿನ ವಿಷಯವೂ ಹಾಗೆಯೇ. ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲ. ಸೋರಿದರೆ ಜನರಿಗೆ ತಿಳಿಯಲಿ ಎಂದೇ ಈಥೈಲ್ ಮರ್ಕ್ಯಾಪ್ಟನ್ ಎಂಬ ನಾರುವ ರಾಸಾಯನಿಕ ಬೆರೆಸುತ್ತಾರೆ. ಅನಿಲ ಗಾಳಿಗಿಂತ ಭಾರ, ನೆಲದಲ್ಲಿ ಹರಡಿ ನಿಲ್ಲುತ್ತದೆ. ವಾಸನೆ ಬಂದರೆ ಲೈಟಿನ ಸ್ವಿಚ್ ಹಾಕಬಾರದು, ಆರಿಸಲೂಬಾರದು. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಮಕ್ಕಳು ಮುದುಕರನ್ನು ಕರೆದುಕೊಂಡು ಹೊರಗೆ ಬಂದು 1906ಕ್ಕೆ ಫೋನ್ ಮಾಡಬೇಕು. ರಬ್ಬರ್ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು, ಬಿರುಕು ಕಂಡರೆ ಅದಕ್ಕೂ ಮೊದಲೇ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಆಗಬಾರದು.

ಇಲ್ಲಿ ಕೆಲವರಿಗೆ ಒಂದು ಅನುಮಾನ ಬರುತ್ತದೆ, ಬರಬೇಕಾದದ್ದೇ. ಅಡುಗೆಮನೆ, ಶುಚಿ, ಎಚ್ಚರ ಎನ್ನುವುದು ಮತ್ತೆ ಮಡಿಯ ಕಡೆಗೇ ಹೋಗುವ ದಾರಿಯಲ್ಲವೇ? ಶುಚಿಯ ಹೆಸರಿನಲ್ಲಿ ನಮ್ಮನ್ನು ಹೊರಗೆ ನಿಲ್ಲಿಸಿದ ಕಾಲ ಇನ್ನೂ ಮುಗಿದಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಯ ನೀರು ಮುಟ್ಟಿ ಕುಡಿದರು. ಆಮೇಲೆ ಸವರ್ಣೀಯರು ಆ ಕೆರೆಯನ್ನು "ಶುದ್ಧಿ" ಮಾಡಿದ್ದು ಹೇಗೆ? ಸಗಣಿ, ಗಂಜಲ, ಹಾಲು, ಮೊಸರು ತುಂಬಿದ 108 ಮಡಕೆಗಳನ್ನು ಅದರಲ್ಲಿ ಮುಳುಗಿಸಿ. ಕುಡಿಯುವ ನೀರಿಗೆ ಸಗಣಿ ಹಾಕುವುದನ್ನು ಶುದ್ಧಿ ಎನ್ನುವುದೇ ಮಡಿ. ಯಾರು ಮುಟ್ಟಿದರು ಎಂದು ಮಡಿ ಕೇಳುತ್ತದೆ. ನೀರಿನಲ್ಲಿ ಏನಿದೆ ಎಂದು ಶುಚಿ ಕೇಳುತ್ತದೆ. ದಲಿತ ಹೆಂಗಸು ಮಾಡಿದ ಬಿಸಿಯೂಟವನ್ನು ಮಕ್ಕಳು ಉಣ್ಣದಂತೆ ತಡೆಯುವ ಊರುಗಳಲ್ಲಿ, ಅದೇ ಪಾತ್ರೆ ತೊಳೆದ ನೀರು ಎಲ್ಲಿಯದು ಎಂದು ಕೇಳುವವರು ಎಷ್ಟು ಜನ?

ಬುದ್ಧರ ಶುಚಿ ಎರಡನೆಯ ಬಗೆಯದು. ಭಿಕ್ಖುವಿನ ಬಳಿ ಇರಬೇಕಾದ ಎಂಟು ವಸ್ತುಗಳಲ್ಲಿ ನೀರು ಸೋಸುವ ಬಟ್ಟೆಯೂ ಒಂದು. ಜಾತಿ ಕೇಳುವ ವಸ್ತು ಆ ಎಂಟರಲ್ಲಿ ಒಂದೂ ಇಲ್ಲ. ಭೇದಿಯಿಂದ ತನ್ನ ಹೊಲಸಿನಲ್ಲೇ ಬಿದ್ದಿದ್ದ ಒಬ್ಬ ಭಿಕ್ಖುವನ್ನು ಬುದ್ಧರು ಆನಂದನ ಜೊತೆ ಸೇರಿ ತಮ್ಮ ಕೈಯಿಂದಲೇ ತೊಳೆದು ಮಲಗಿಸಿದ ಪ್ರಸಂಗ ವಿನಯಪಿಟಕದಲ್ಲಿದೆ. ಮಡಿಯವನು ಆ ಕೋಣೆಗೆ ಕಾಲಿಡುತ್ತಿರಲಿಲ್ಲ. ಹಾಗಾಗಿ ನಮ್ಮ ಮನೆಗಳಲ್ಲಿ ಮುಟ್ಟಾದ ಹೆಣ್ಣುಮಗಳನ್ನು ಒಲೆಯಿಂದ ದೂರ ಇಡುವ ಪದ್ಧತಿ, ಪೌರಕಾರ್ಮಿಕರಿಗೆ ಬೇರೆ ಲೋಟ ಇಡುವ ಪದ್ಧತಿ ಎಲ್ಲಾದರೂ ಉಳಿದಿದ್ದರೆ ಅದನ್ನು ಮೊದಲು ಹೊರಗೆ ಹಾಕಬೇಕು. ಮಡಿಯನ್ನು ಬಿಟ್ಟ ಜಾಗದಲ್ಲಿ ಎಚ್ಚರವನ್ನು ತರದೆ ಖಾಲಿ ಬಿಟ್ಟರೂ ಧಮ್ಮಕ್ಕೆ ಬಂದದ್ದು ಅರ್ಧವೇ ಆಯಿತು.

ಎಚ್ಚರ ಒಬ್ಬರ ಕೆಲಸವಾದರೂ ಕಷ್ಟ. ಎಷ್ಟೋ ಮನೆಗಳಲ್ಲಿ ಗಂಡಸರು ಮಕ್ಕಳು ಬಿಸಿ ಊಟ ಮಾಡುತ್ತಾರೆ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು, ನಿನ್ನೆಯದನ್ನು ತಾಯಿ ಉಣ್ಣುತ್ತಾಳೆ. ಅನ್ನ ಹಳಸಿದೆ ಎಂದು ಗೊತ್ತಿದ್ದೂ "ನನಗೇನಾಗುತ್ತೆ" ಎನ್ನುತ್ತಾಳೆ. ಅವಳ ಜೀವ ಪ್ರಾಣಿಗಳ ಲೆಕ್ಕದಲ್ಲಿ ಬರುವುದಿಲ್ಲವೇ? 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಎಲ್ಲ ಜೀವಿಗಳ ಮೇಲೆ ದಯೆ ಇಟ್ಟು ಅವುಗಳನ್ನು ಪಾಲಿಸುವ ಪ್ರತಿಜ್ಞೆ ಇದೆ, ಎಲ್ಲ ಮನುಷ್ಯರೂ ಸಮಾನರೆಂಬ ಮಾತೂ ಇದೆ. ಎರಡನ್ನೂ ಒಟ್ಟಿಗೆ ಪಾಲಿಸುವ ಮೊದಲ ಜಾಗ ಊಟದ ಪಂಕ್ತಿ. ರಾತ್ರಿ ರೆಗ್ಯುಲೇಟರ್ ಮುಚ್ಚಿದೆಯೇ ಎಂದು ನೋಡುವುದು, ನೀರು ಕಾಯಿಸಿ ಆರಿಸಿ ಮುಚ್ಚಿಡುವುದು, ಪಾತ್ರೆ ತೊಳೆಯುವುದು ಉಪಾಸಿಕೆಯ ಶೀಲ ಮಾತ್ರವಲ್ಲ, ಉಪಾಸಕನದೂ ಹೌದು. ಗಂಡಾಮನ್‌ನಲ್ಲಿ ಅಡುಗೆಯವರ ಮಾತು ಯಾರ ಕಿವಿಗೂ ಬೀಳಲಿಲ್ಲ. ನಮ್ಮ ಮನೆಯಲ್ಲಿ ಅಡುಗೆ ಮಾಡುವವಳು "ಈ ಪೈಪು ಸರಿಯಿಲ್ಲ" ಎಂದಾಗ ಆ ವಾರವೇ ಪೈಪು ಬದಲಾಗುತ್ತದೆಯೇ, ಮುಂದಿನ ತಿಂಗಳಿಗೆ ಹೋಗುತ್ತದೆಯೇ?

ಎಲ್ಲ ಎಚ್ಚರವೂ ಮನೆಯೊಳಗೇ ಮುಗಿಯುವುದಿಲ್ಲ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನಿಂದ ಬಹಳ ಜನ ಆಸ್ಪತ್ರೆ ಸೇರಿದರು, ಜೀವಗಳೂ ಹೋದವು. ಅಲ್ಲಿಯ ತಾಯಂದಿರು ಎಷ್ಟು ಚೆನ್ನಾಗಿ ಪಾತ್ರೆ ತೊಳೆದಿದ್ದರೇನು, ನಲ್ಲಿಯಲ್ಲಿ ಬಂದ ನೀರೇ ಕೆಟ್ಟಿದ್ದರೆ? ನೀರು ಮುಟ್ಟುವ ಹಕ್ಕಿಗಾಗಿ ಮಹಾಡಿನಲ್ಲಿ ಹೋರಾಡಿದವರ ಮಕ್ಕಳು ನಾವು. ಕೇರಿಯ ಟ್ಯಾಂಕನ್ನು ಕೊನೆಗೆ ತೊಳೆದದ್ದು ಯಾವಾಗ, ನೀರಿನ ಪರೀಕ್ಷೆ ಆಗಿದೆಯೇ ಎಂದು ಪಂಚಾಯಿತಿಗೆ ಬರೆದು ಕೇಳುವುದೂ ಮೊದಲನೆಯ ಶೀಲವೇ. ಭೇದಿ ಶುರುವಾದ ಮಗುವಿಗೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಮಟ್ಟ ಟೀ ಚಮಚ ಉಪ್ಪು ಕಲಸಿ ಕುಡಿಸುತ್ತಾ ಆಸ್ಪತ್ರೆಗೆ ಹೋಗಬೇಕು. ಮಗು ಚೇತರಿಸಿಕೊಂಡ ಮೇಲೆ ಆ ನಲ್ಲಿಯ ಹತ್ತಿರವೂ ಹೋಗಬೇಕು.

ಮೊದಲಿನ ಪ್ರಶ್ನೆಗೆ ಬಂದರೆ: ಗೊತ್ತಿಲ್ಲದೆ ಆದ ಹಾನಿಯಿಂದ ಶೀಲ ಮುರಿಯುವುದಿಲ್ಲ. ಹಾಗೆ ಆದಾಗ ಮನೆಯ ಚುಂದನನ್ನು, ಅಂದರೆ ಅಡುಗೆ ಮಾಡಿದ ಹೆಂಡತಿಯನ್ನೋ ತಾಯಿಯನ್ನೋ ಬೈಯುವ ಹಕ್ಕು ಯಾರಿಗೂ ಇಲ್ಲ. ಅವಳ ಕಣ್ಣೀರು ಒರೆಸುವುದು ಆನಂದನ ಕೆಲಸ, ಅದು ನಮ್ಮ ಕೆಲಸ. ಗೊತ್ತಾದ ಮೇಲೆ ಮಾತ್ರ ನಾವು ಚುಂದನಂತೆ ನಿರಪರಾಧಿಗಳಾಗಿ ಉಳಿಯಬೇಕಾದರೆ ಅವನಂತೆಯೇ ಗುಂಡಿ ತೋಡಬೇಕು.

ಇಂದು ಮನೆಯವರೆಲ್ಲ ಸೇರಿ ಅಡುಗೆಮನೆಯಲ್ಲಿ ಹತ್ತು ನಿಮಿಷ ನಿಂತು ನೋಡಿ. ಯಾವ ಬಾಟಲಿಯಲ್ಲಿ ಏನಿದೆ, ಪೈಪಿನ ಮೇಲೆ ಯಾವ ವರ್ಷ ಇದೆ, ನೀರಿನ ಕೊಡಕ್ಕೆ ಮುಚ್ಚಳ ಇದೆಯೇ ಎಂದು. ಕಂಡದ್ದನ್ನು ನಾಳೆಗೆ ಬಿಡಬೇಡಿ.

ಎಲ್ಲರ ಮನೆಯ ಒಲೆ ಸುರಕ್ಷಿತವಾಗಿ ಉರಿಯಲಿ.

ನಮೋ ಬುದ್ಧಾಯ. ಜೈ ಭೀಮ್.