ಯಾರು ಯಾರಿಗೆ ಬಾಕಿ?

ಒಬ್ಬನ ಹೊಲವನ್ನು ಯಾರೋ ಕಿತ್ತುಕೊಂಡರು. ಆಮೇಲೆ ಬಂದ ಇನ್ನೊಬ್ಬ ಅಲ್ಲಿ ದುಡ್ಡು ಹಾಕಿದ. ಕಳಕೊಂಡವನ ಮೊಮ್ಮಗ ಬಂದು ‘ನಾಲ್ಕಾಣೆ ಪಾಲಾದರೂ ಕೊಡಿ, ಬೆಲೆ ಕೊಡ್ತೀನಿ’ ಅಂದರೆ, ದುಡ್ಡು ಹಾಕಿದವನು ‘ನನಗೇ ಪರಿಹಾರ ಕೊಡಿ’ ಅನ್ನಬಹುದೆ?

ದಕ್ಷಿಣ ಆಫ್ರಿಕದಲ್ಲಿ ಇದು ಬರೀ ಒಗಟಾಗಿರಲಿಲ್ಲ. ಅಲ್ಲಿ 1911ರ ಗಣಿ ಕಾಯ್ದೆಯ ಆಸರೆಯಲ್ಲಿ ಕುಶಲ ಕೆಲಸಗಳು ಬಿಳಿಯರ ಪಾಲಾದವು. 1913ರ ಭೂಕಾಯ್ದೆ ಕರಿಯರಿಗೆ ಉಳಿಸಿದ್ದು ನೆಲದ ನೂರಕ್ಕೆ ಸುಮಾರು 7 ಪಾಲು. ಅದೂ ಮೀಸಲಾತಿಯೇ ಸ್ವಾಮಿ! ಆಗ ‘ಪ್ರತಿಭೆ’ಯ ಮಾತು ಎಲ್ಲಿತ್ತು? ವರ್ಣಭೇದದ ಆಳ್ವಿಕೆ 1994ರಲ್ಲಿ ಮುಗಿಯಿತು. 2002ರ ಖನಿಜ ಕಾಯ್ದೆ, ಅದರ ಬೆನ್ನಿಗೆ ಬಂದ ಸನ್ನದು ಹೇಳಿದ್ದಿಷ್ಟು: ಹಳೆಯ ಹಕ್ಕು ಬಿಟ್ಟು ಹೊಸ ಪರವಾನಗಿ ತಗೊಳ್ಳಿ, ಹತ್ತು ವರ್ಷದೊಳಗೆ ನೂರಕ್ಕೆ 26 ಪಾಲು ತುಳಿತಕ್ಕೊಳಗಾದವರ ಕೈ ಸೇರಲಿ. ಅದೂ ಪುಕ್ಕಟೆ ಅಲ್ಲ, ಮಾರುಕಟ್ಟೆ ಬೆಲೆಗೆ.

ಇಟಲಿ, ಲಕ್ಸೆಂಬರ್ಗ್ ಕಡೆಯ ಗ್ರಾನೈಟ್ ಹೂಡಿಕೆದಾರರು ಒಪ್ಪಲಿಲ್ಲ. ಅವರ ಕೈಯಲ್ಲಿ 1997, 1998ರಲ್ಲಿ ಹೊಸ ಸರ್ಕಾರವೇ ಸಹಿ ಹಾಕಿದ ಹೂಡಿಕೆ ರಕ್ಷಣೆಯ ಒಪ್ಪಂದಗಳಿದ್ದವು. 2007ರಲ್ಲಿ ವಿಶ್ವಬ್ಯಾಂಕಿನ ವ್ಯಾಜ್ಯ ಕೇಂದ್ರದಲ್ಲಿ ದಾವೆ ದಾಖಲಾಯಿತು. ಮೂವರು ಪಂಚರು. ಹೂಡಿಕೆದಾರ ಅಲ್ಲಿ ಸರ್ಕಾರದ ಮೇಲೆ ದೂರಬಹುದು. ಕಲ್ಲು ಸೀಳುವ ಕೂಲಿಯವನು ಹೂಡಿಕೆದಾರನ ಮೇಲೆ ದೂರುವ ಹಾಗಿಲ್ಲ. ನಮ್ಮ ಹಟ್ಟಿಯವರಿಗೆ ಇಂಥ ಪಂಚಾಯ್ತಿಕಟ್ಟೆ ಹೊಸದೇನಲ್ಲ.

2010ರಲ್ಲಿ ಹೂಡಿಕೆದಾರರೇ ದಾವೆ ಕೈಬಿಟ್ಟರು. ಸರ್ಕಾರಕ್ಕೆ 4 ಲಕ್ಷ ಯೂರೊ ಖರ್ಚು ಕೊಡಿ ಅಂದರು ಪಂಚರು. ಸರ್ಕಾರ ಕಳಕೊಂಡದ್ದು ಅದರ ಹತ್ತು ಪಟ್ಟಿಗೂ ಮೇಲೆ. ಗೆದ್ದೆವು ಅಂತ ಕುಣಿಯುವ ಹಾಗಿರಲಿಲ್ಲ. ಅಷ್ಟರಲ್ಲಿ ರಾಜಿಯಾಗಿತ್ತು. ಕಲ್ಲನ್ನು ನಾಡಿನಲ್ಲೇ ಸಂಸ್ಕರಿಸುವುದನ್ನು ಲೆಕ್ಕಕ್ಕೆ ಹಿಡಿದು, 26ರ ಜಾಗದಲ್ಲಿ ನೌಕರರಿಗೆ ಬರೀ 5 ಪಾಲು.

ಕೊಟ್ಟ ಮಾತು ಉಳಿಸಿಕೊಳ್ಳಬೇಕು, ನಿಜ. ಆದರೆ ಯಾರಿಗೆ ಕೊಟ್ಟ ಮಾತು? 1996ರ ಸಂವಿಧಾನದಲ್ಲಿ ಹಳೆಯ ಅನ್ಯಾಯ ಸರಿಪಡಿಸುತ್ತೇನೆಂದು ಅದೇ ನಾಡು ತನ್ನ ಜನಕ್ಕೂ ಮಾತು ಕೊಟ್ಟಿತ್ತು. ಅದು ಒಪ್ಪಂದಗಳಿಗಿಂತ ಮೊದಲಿನ ಸಾಲ. ಆ ಸಾಲದ ವಸೂಲಿಗೆ ಯಾವ ವಿಶ್ವಬ್ಯಾಂಕೂ ಪಂಚರನ್ನು ಕೂರಿಸುವುದಿಲ್ಲ. (ಇಂಥ ಪಾಲೆಲ್ಲ ಬೆರಳೆಣಿಕೆಯ ಕರಿಯ ಸಾಹುಕಾರರ ಜೇಬಿಗೆ ಹೋಯಿತೆಂಬ ದೂರೂ ಇದೆ. ಅದನ್ನು ಅಲ್ಲಿಯ ಜನ ತಮ್ಮ ಸರ್ಕಾರದ ಕೊರಳಪಟ್ಟಿ ಹಿಡಿದು ಕೇಳಲಿ. ಹೂಡಿಕೆದಾರನಿಗೆ ಅದು ನೆಪವಾಗದಿರಲಿ.)

ದಕ್ಷಿಣ ಆಫ್ರಿಕ 2012ರಿಂದ ಇಂಥ ಒಪ್ಪಂದಗಳನ್ನು ಕಿತ್ತುಹಾಕತೊಡಗಿತು. 2011ರಲ್ಲಿ ಆಸ್ಟ್ರೇಲಿಯದ ಕಂಪನಿಯೊಂದಕ್ಕೆ ಸೋತ ಭಾರತವೂ ಆಮೇಲೆ ಹಲವು ದೇಶಗಳಿಗೆ ರದ್ದಿನ ನೋಟೀಸು ಕಳಿಸಿತು. ಹೊಸವು ಈಗ ತಯಾರಾಗುತ್ತಿವೆ. ಖಾಸಗಿ ಕಂಪನಿಗಳಲ್ಲೂ ಮೀಸಲಾತಿ ಬೇಕೆಂದು ಕೂಗುವ ನಾವು ಅವುಗಳ ಒಳಗೆ ಏನು ಬರೆದಿದೆ ಅಂತ ಓದಿದ್ದೇವೆಯೆ? ರದ್ದಾದ ಒಪ್ಪಂದ ಕೂಡ ಹಳೆಯ ಬಂಡವಾಳಕ್ಕೆ ಎಷ್ಟೋ ವರ್ಷ ಕಾವಲಿರುತ್ತದೆ.