ಇಂದಿನ ಧಮ್ಮ ಚಿಂತನೆ: ಎಡಗಿವಿಯ ಸದ್ದು



ಎರಡು ತಿಂಗಳಿಂದ ನನ್ನ ಎಡಗಿವಿ ಆಗಾಗ ಮುಚ್ಚಿಕೊಳ್ಳುತ್ತಿದೆ. ಮೊದಲು ಹತ್ತಿ ತುರುಕಿದ ಹಾಗಾಗುತ್ತದೆ. ಆ ಕಡೆಯ ಮಾತೆಲ್ಲ ದೂರ ಸರಿಯುತ್ತದೆ. ಆಮೇಲೆ ಒಂದೇ ಸಮನೆ ಗುಂಯ್ ಎಂಬ ಸದ್ದು. ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ ಇದ್ದು ತಾನಾಗಿಯೇ ಬಿಡುತ್ತದೆ.

ಮೊದಲ ಸಲ ಹೀಗಾದದ್ದು ಎಂಟನೇ ತರಗತಿಯಲ್ಲಿ, ಸಂಧಿ ಪಾಠ ನಡೆದಾಗ. ಎಡಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ಉತ್ತರ ಹೇಳುತ್ತಿದ್ದಳು. ನಾನು ಮೂರು ಸಲ "ಏನು?" ಎಂದೆ. ಮಕ್ಕಳು ನಕ್ಕರು. ತನ್ನ ಉತ್ತರ ತಪ್ಪಿರಬೇಕೆಂದು ತಿಳಿದು ಅವಳು ಕುಳಿತುಬಿಟ್ಟಳು. ಸರಿಯಾಗಿಯೇ ಹೇಳಿದ್ದಳೆಂದು ಪಕ್ಕದ ಹುಡುಗಿಯಿಂದ ಆಮೇಲೆ ತಿಳಿಯಿತು.

ಅಂದಿನಿಂದ ರಾತ್ರಿ ಮಲಗಿದಾಗ ಗಡಿಯಾರವನ್ನು ಒಮ್ಮೆ ಎಡಗಿವಿಗೆ, ಒಮ್ಮೆ ಬಲಗಿವಿಗೆ ಹಿಡಿದು ನೋಡುವುದೇ ಕೆಲಸವಾಯಿತು. ನಿವೃತ್ತಿಗೆ ಇನ್ನೂ 15 ವರ್ಷವಿದೆ. ಕಿವಿ ಕೇಳದ ಟೀಚರು ಕನ್ನಡ ಕಲಿಸುವುದಾದರೂ ಹೇಗೆ? ಎರಡು ಬಾಣಗಳ ಸುತ್ತವನ್ನು ನಾವು ಎಷ್ಟೋ ಸಲ ಓದಿದ್ದೇವೆ, ಈ ಎರಡನೇ ಬಾಣದ ಬಗ್ಗೆ ನಾನೇನೂ ಹೊಸದಾಗಿ ಹೇಳಬೇಕಿಲ್ಲ. ಇಂದು ಹೇಳಬೇಕೆಂದಿರುವುದು ಅವ್ವ ಆಡಿದ ಒಂದು ಮಾತಿನ ಬಗ್ಗೆ.

ಅವ್ವ ನಮ್ಮ ಜೊತೆಗೇ ದೀಕ್ಷೆ ತೆಗೆದುಕೊಂಡವಳು. ದಿನಾ ತಪ್ಪದೆ ತ್ರಿಸರಣ ಹೇಳುತ್ತಾಳೆ. ಕಿವಿಯ ವಿಷಯ ಕೇಳಿ ನನ್ನ ತಲೆ ಸವರಿ, "ಹೋದ ಜನ್ಮದಾಗ ಯಾರ ಮಾತು ಕೇಳಲಿಲ್ಲೋ ಏನೋ ಯವ್ವಾ, ಅದಕ್ಕ ಹಿಂಗ ಆಗ್ಯದ" ಅಂದಳು. ಪ್ರೀತಿಯಿಂದಲೇ ಅಂದದ್ದು. ಆದರೂ ನನಗೆ ಆ ಮಾತು ಗಂಟಲಲ್ಲಿ ಇಳಿಯಲಿಲ್ಲ. ನಮ್ಮ ಹಿರಿಯರಿಗೆ ಎಷ್ಟೋ ತಲೆಮಾರು ಹೇಳಿಕೊಂಡು ಬಂದದ್ದು ಇದನ್ನೇ ಅಲ್ಲವೇ? ಊರ ಹೊರಗೆ ಏಕೆ, ಬಾವಿ ಏಕೆ ಮುಟ್ಟಬಾರದು ಎಂದರೆ, ಹೋದ ಜನ್ಮದಲ್ಲಿ ಮಾಡಿದ್ದು.

ಆ ರಾತ್ರಿ ಸಂಯುತ್ತ ನಿಕಾಯದ ವೇದನಾ ಸಂಯುತ್ತ ತೆಗೆದು ಸೀವಕ ಸುತ್ತ ಓದಿದೆ. ರಾಜಗಹದ ವೇಳುವನದಲ್ಲಿ ಮೋಳಿಯ ಸೀವಕ ಎಂಬ ಪರಿವ್ರಾಜಕ ಬಂದು ಭಗವಾನರನ್ನು ಕೇಳುತ್ತಾನೆ: ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಎಂದು ಕೆಲವು ಸಮಣ ಬ್ರಾಹ್ಮಣರು ಹೇಳುತ್ತಾರಲ್ಲ, ನೀವೇನು ಹೇಳುತ್ತೀರಿ? ಬುದ್ಧರು ಕೊಡುವ ಉತ್ತರ ಒಬ್ಬ ವೈದ್ಯನ ಉತ್ತರದಂತಿದೆ. ಕೆಲವು ವೇದನೆ ಪಿತ್ತದಿಂದ, ಕೆಲವು ಕಫದಿಂದ, ಕೆಲವು ವಾತದಿಂದ, ಕೆಲವು ಈ ಮೂರೂ ಸೇರಿ ಬರುತ್ತವೆ. ಹವೆಯ ಬದಲಾವಣೆಯಿಂದ ಬರುವುದುಂಟು, ಮೈಯನ್ನು ಸರಿಯಾಗಿ ನೋಡಿಕೊಳ್ಳದೆ ಬರುವುದುಂಟು, ಹೊರಗಿನ ಪೆಟ್ಟಿನಿಂದ ಬರುವುದುಂಟು. ಇದನ್ನು ಅವರವರೇ ಕಂಡು ತಿಳಿಯಬಹುದು, ಲೋಕವೂ ಒಪ್ಪುತ್ತದೆ. ಎಲ್ಲಕ್ಕೂ ಹಿಂದಿನದೇ ಕಾರಣ ಎನ್ನುವವರು ಕಣ್ಣೆದುರಿನ ಸತ್ಯವನ್ನು ದಾಟಿ ಮಾತಾಡುತ್ತಾರೆ, ಅವರು ಹೇಳುವುದು ತಪ್ಪು.

ಎಂಟನೆಯ ಕಾರಣವಾಗಿ ಕಮ್ಮವಿಪಾಕವೂ ಆ ಪಟ್ಟಿಯಲ್ಲಿದೆ, ಮುಚ್ಚಿಡುವುದು ಬೇಡ. ಆದರೆ ಅದು ಎಂಟರಲ್ಲಿ ಒಂದು, ಅದೂ ಕೊನೆಗೆ. ಬಾಬಾಸಾಹೇಬರು ಇನ್ನೂ ಮುಂದೆ ಹೋದರು. ಅವರ ಪರಿನಿಬ್ಬಾಣದ ನಂತರ, 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಹಿಂದಿನ ಜನ್ಮದ ಕರ್ಮದ ಸಿದ್ಧಾಂತ ಬುದ್ಧರದ್ದಾಗಿರಲು ಸಾಧ್ಯವೇ ಎಂದು ನೇರವಾಗಿ ಪ್ರಶ್ನಿಸಿದರು. ಬಡವರ, ಕೆಳಗಿನವರ ಸ್ಥಿತಿಗೆ ಸಮಾಜವೂ ಸರ್ಕಾರವೂ ಹೊಣೆಯಿಂದ ನುಣುಚಿಕೊಳ್ಳಲು ಆ ಸಿದ್ಧಾಂತ ಅನುಕೂಲ ಮಾಡಿಕೊಡುತ್ತದೆ ಎಂಬುದು ಅವರ ಮಾತಿನ ಸಾರ.

ಮರುದಿನ ಕಿವಿ ಮೂಗು ಗಂಟಲು ಡಾಕ್ಟರ ಹತ್ತಿರ ಹೋದೆ. ಕಿವಿಯ ತಮಟೆ ಚೆನ್ನಾಗಿದೆ ಅಂದರು. (ಆ ಪದ ಕೇಳಿ ನಮ್ಮಜ್ಜ ಬಾರಿಸುತ್ತಿದ್ದ ಹಲಗಿ ನೆನಪಾಯಿತು.) ಆಡಿಯೋಗ್ರಾಂ ಪರೀಕ್ಷೆಯಲ್ಲಿ ಎಡಗಿವಿಗೆ ತಗ್ಗಿದ ಸ್ವರಗಳು ತುಸು ಕಡಿಮೆ ಕೇಳುತ್ತಿವೆ. ಕೆಲವು ಸೆಕೆಂಡು ಗುಂಯ್ ಎನ್ನುವುದು ಎಷ್ಟೋ ಜನರಿಗೆ ಆಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಆದರೆ ಒಂದೇ ಕಿವಿಗೆ ಪದೇ ಪದೇ ಬಂದರೆ ತೋರಿಸಬೇಕು. ಒಳಗಿವಿಯ ದ್ರವ ಹೆಚ್ಚಾದರೂ ಹೀಗಾಗಬಹುದಂತೆ. ಅದರ ಜೊತೆ ತಲೆಸುತ್ತು ಬಂದರೆ ಮೆನಿಯರ್ ಕಾಯಿಲೆಯೇ ಎಂದು ನೋಡುತ್ತಾರೆ. ನನಗೆ ಉಪ್ಪು ಕಡಿಮೆ ಮಾಡಲು, ಬಂದ ದಿನ, ಹೊತ್ತು ಬರೆದಿಡಲು ಹೇಳಿ ತಿಂಗಳು ಬಿಟ್ಟು ಬರಹೇಳಿದ್ದಾರೆ. ನೀವೂ ಒಂದು ಮಾತು ನೆನಪಿಡಿ: ಒಂದು ಕಿವಿ ಥಟ್ಟನೆ ಕೇಳದಂತಾಗಿ ಹಾಗೇ ಉಳಿದರೆ ನಾಳೆ ನೋಡೋಣ ಎನ್ನಬೇಡಿ, ಹರಕೆ ತಾಯತ ಎಂದು ದಿನ ಕಳೆಯಬೇಡಿ, ಅಂದೇ ಡಾಕ್ಟರಿಗೆ ತೋರಿಸಿ. ಬೇಗ ಔಷಧಿ ಬಿದ್ದರೆ ಕಿವಿ ಉಳಿಯುವ ಸಾಧ್ಯತೆ ಹೆಚ್ಚು.

ಮನೆಗೆ ಬಂದು ಅವ್ವನಿಗೆ ಡಾಕ್ಟರು ಹೇಳಿದ್ದನ್ನೂ ಸೀವಕನ ಕಥೆಯನ್ನೂ ಹೇಳಿದೆ. ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು: "ಹಂಗಾದ್ರ ಊರಾಗ ಚಾದಂಗಡ್ಯಾಗ ನಮಗ ಬ್ಯಾರೆ ಕಪ್ಪು ಇಡ್ತಿದ್ರಲ್ಲ, ಅದು?"

"ಅದು ಅಂಗಡಿಯವ ಇಟ್ಟಿದ್ದು ಯವ್ವ. ನೀ ತಂದಿದ್ದಲ್ಲ."

ಅವಳು ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ಸಾರಿಗಿ ಉಪ್ಪು ಎಷ್ಟು ಹಾಕ್ಬೇಕು, ಹೇಳು" ಅಂದಳು.

ಆ ಹುಡುಗಿಯನ್ನು ಮರುದಿನವೇ ಎಬ್ಬಿಸಿ, ನಿನ್ನ ಉತ್ತರ ಸರಿ ಇತ್ತು, ನನ್ನ ಕಿವಿಗೆ ಕೇಳಲಿಲ್ಲ ಎಂದು ಇಡೀ ತರಗತಿಯ ಮುಂದೆ ಹೇಳಿದ್ದೇನೆ. ಇದನ್ನು ಬರೆಯುವಾಗಲೂ ಒಮ್ಮೆ ಸದ್ದು ಬಂದು ಹೋಯಿತು. ಬೆಳಿಗ್ಗೆ 5.40, ಸುಮಾರು 20 ಸೆಕೆಂಡು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಭಾನುವಾರದ ಅಧ್ಯಯನದಲ್ಲಿ ಸೀವಕ ಸುತ್ತವನ್ನೇ ಓದೋಣ. ನನ್ನೊಡನೆ ಮಾತಾಡುವವರು ದಯವಿಟ್ಟು ಬಲಗಡೆ ಕುಳಿತುಕೊಳ್ಳಿ.

ಜೈ ಭೀಮ್.