ಇಂದಿನ ಧಮ್ಮ ಚಿಂತನೆ: ನಗಿಸಬೇಕೋ, ಅಳಿಸಬೇಕೋ?



1929ರಲ್ಲಿ ಬಾಬಾಸಾಹೇಬರು ಚಾಳೀಸ್‌ಗಾಂವ್‌ನಲ್ಲಿ ಟಾಂಗಾದಿಂದ ಬಿದ್ದು ಕಾಲು ಮುರಿದುಕೊಂಡ ಪ್ರಸಂಗವನ್ನು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಓದಿದ್ದೇವೆ. ಟಾಂಗಾದವನು ಗಾಡಿಯನ್ನೇನೋ ಬಾಡಿಗೆಗೆ ಕೊಟ್ಟ, ಅಸ್ಪೃಶ್ಯರನ್ನು ಕೂರಿಸಿಕೊಂಡು ಹೊಡೆಯಲಾರೆ ಎಂದ. ಅತಿಥಿಯನ್ನು ನಡೆಸಿಕೊಂಡು ಹೋಗುವುದು ಮರ್ಯಾದೆಯಲ್ಲವೆಂದು ನಮ್ಮವರೇ ಒಬ್ಬರು ಲಗಾಮು ಹಿಡಿದರು. ಅವರಿಗೆ ಗಾಡಿ ಹೊಡೆದು ಗೊತ್ತಿರಲಿಲ್ಲ! ಬ್ಯಾರಿಸ್ಟರಿಗಿಂತ ಟಾಂಗಾದವನು ಮೇಲು. ಓದುವಾಗ ನಗು ಬರುತ್ತದೆ, ಬಂದದ್ದು ಗಂಟಲಲ್ಲೇ ನಿಲ್ಲುತ್ತದೆ. ಬಾಬಾಸಾಹೇಬರು ಅದನ್ನು ಬರೆದದ್ದು ಅಸ್ಪೃಶ್ಯತೆ ಎಂದರೇನೆಂದು ವಿದೇಶಿಯರಿಗೆ ತಿಳಿಯಲಿ ಎಂದು.

ಇದು ನೆನಪಾದದ್ದು ನಮ್ಮ ಬಳಗದ ಮಗಳೊಬ್ಬಳಿಂದ. ಪಿಯುಸಿ ಓದುತ್ತಿರುವ ಆಕೆ ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುತ್ತಿದ್ದಾಳೆ. ಅಂಕಪಟ್ಟಿಯ ಜೊತೆ ತನ್ನ ಬಗ್ಗೆ ಒಂದು ಪ್ರಬಂಧವೂ ಬೇಕು. ಕಾಮನ್ ಆ್ಯಪ್ ಎಂಬ ಅರ್ಜಿಯಲ್ಲಿ ಅದಕ್ಕೆ 650 ಪದಗಳ ಮಿತಿ. ಎರಡು ಬರೆದು ತಂದಿದ್ದಳು.

ಮೊದಲನೆಯದು ಭಾರಿ ಗಂಭೀರ. ಸಾವಿರಾರು ವರ್ಷಗಳ ಶೋಷಣೆ, ಅಜ್ಜಿಯ ಕಣ್ಣೀರು, ಸಮಾನತೆಯ ಕನಸು. "ಅಜ್ಜಿ ಯಾವಾಗಮ್ಮ ಅತ್ತಿದ್ದು?" ಎಂದೆ. "ಅಜ್ಜಿ ಅಳೋದೇ ಇಲ್ಲ ಅಂಕಲ್, ಬೈತಾರೆ" ಎಂದಳು.

ಎರಡನೆಯದು ಮೈಸೂರಿನಲ್ಲಿ ಬಾಡಿಗೆ ಮನೆ ಹುಡುಕಿದ ಕಥೆ. ಓನರ್ "ನೀವು ಯಾವ ಜನ?" ಎನ್ನುತ್ತಾರೆ. ಅಪ್ಪ "ಬೌದ್ಧರು" ಎನ್ನುತ್ತಾರೆ. ಓನರ್ ಮುಖ ಅರಳುತ್ತದೆ: "ಓಹೋ, ಹಾಗಾದ್ರೆ ಪ್ಯೂರ್ ವೆಜ್!" ಸ್ವಲ್ಪ ತಡೆದು, "ಅದಕ್ಕೂ ಮುಂಚೆ ಏನಾಗಿದ್ರಿ?" ನಾನು ಜೋರಾಗಿ ನಕ್ಕುಬಿಟ್ಟೆ. ನಮ್ಮಲ್ಲಿ ಯಾರಿಗೆ ಆ ಪ್ರಶ್ನೆ ಬಂದಿಲ್ಲ ಹೇಳಿ.

ಬಳಗದ ಕೆಲವು ಹಿರಿಯರು ಮೊದಲನೆಯದನ್ನೇ ಕಳಿಸು ಎಂದರು. ನಮ್ಮ ನೋವು ತಮಾಷೆಯಲ್ಲ, ಸಮ್ಮಾ ವಾಚಾ ಹರಟೆಯನ್ನು ಬೇಡವೆನ್ನುತ್ತದೆ ಎಂದು ಅವರ ವಾದ. ನಿಜ. ಆದರೆ ಸಮ್ಮಾ ವಾಚಾ ಅದಕ್ಕೂ ಮೊದಲು ಸುಳ್ಳು ಬೇಡವೆನ್ನುತ್ತದೆ. ಇಲ್ಲದ ಕಣ್ಣೀರನ್ನು ಸೀಟಿಗಾಗಿ ಸುರಿಸುವುದು ಗಾಂಭೀರ್ಯವೇ? ಅಭಯ ರಾಜಕುಮಾರನಿಗೆ ಭಗವಾನರು ಹೇಳಿದ್ದು ಮಾತು ನಿಜವೇ, ಹಿತವೇ, ಅದಕ್ಕೆ ಸಮಯವೇ ಎಂದು ನೋಡಬೇಕೆಂದು. ಅಳಿಸುತ್ತದೆಯೇ ಎಂಬುದು ಆ ಲೆಕ್ಕದಲ್ಲಿಲ್ಲ.

ಒಂದು ಕಡೆ ಮಾತ್ರ ನನಗೆ ಮುಳ್ಳು ಚುಚ್ಚಿತು. ಅಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ತಡವರಿಸಿದ್ದನ್ನೂ ಆಕೆ ನಗುವಂತೆ ಬರೆದಿದ್ದಳು. ಓದುವವರಿಗೆ ನಮ್ಮ ಊರು ಗೊತ್ತಿಲ್ಲ, ಅವರು ಓನರನ್ನು ಬಿಟ್ಟು ಅಪ್ಪನನ್ನು ನೋಡಿ ನಗುತ್ತಾರೆ. ಬಾಬಾಸಾಹೇಬರು ಲಗಾಮು ಹಿಡಿದವರನ್ನು ಗೇಲಿ ಮಾಡಲಿಲ್ಲ.

ಆ ಸಾಲು ತೆಗೆದಳು. ಪದಗಳಿಗೆ ಇನ್ನೂ ಜಾಗವಿತ್ತು. "ಮುಂಚೆ ಏನಾಗಿದ್ರಿ ಅಂದದ್ದಕ್ಕೆ ಅಪ್ಪ ಏನಂದ್ರು?" ಎಂದೆ. "ಗೊತ್ತಿಲ್ಲ ಅಂಕಲ್. ಹೋಗಿ ಗಾಡಿ ಹತ್ರ ನಿಂತ್ಕೋ ಅಂದ್ರು."

ಈ ಭಾನುವಾರ ಅಪ್ಪನನ್ನೇ ಕೇಳುತ್ತಾಳಂತೆ.

ಜೈ ಭೀಮ್.